ಕೊನೆಯ 20 ನಿಮಿಷ: ಕೋಷ್ಟಕದ ತಳದಲ್ಲಿದ್ದೇವೆ, ಐದು ಪಂದ್ಯ ಉಳಿದಿವೆ

ಕೇಶ್ವಾಪುರದ ಕೋಚ್ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಇವತ್ತು ನಮ್ಮ ಫುಟ್‌ಬಾಲ್ ತಂಡ ಮತ್ತೆ ಸೋತಿತು, 1–3. ಐವತ್ತೈದನೇ ನಿಮಿಷದವರೆಗೂ ನಾವೇ ಮುಂದಿದ್ದೆವು. ನಮ್ಮ ಲೀಗ್‌ನಲ್ಲಿ ತಲಾ 35 ನಿಮಿಷಗಳ ಎರಡು ಅವಧಿ; ಮೂರೂ ಗೋಲು ಬಿದ್ದದ್ದು ಕೊನೆಯ ಹದಿನೈದು ನಿಮಿಷದಲ್ಲಿ. ಒಂಬತ್ತು ಪಂದ್ಯಗಳಲ್ಲಿ ಒಂದು ಗೆಲುವು, ಎರಡು ಡ್ರಾ, ಐದು ಅಂಕ. ನಮಗಿಂತ ಮೇಲಿನ ತಂಡಕ್ಕೆ ಎಂಟು. ಐದು ಪಂದ್ಯ ಉಳಿದಿವೆ. ಹೀಗೇ ಮುಗಿದರೆ ಕೆಳಗಿನ ವಿಭಾಗಕ್ಕೆ ಇಳಿಯುತ್ತೇವೆ.

ನಾನು ಸಂಬಳದ ಕೋಚ್ ಅಲ್ಲ. ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ರಜೆ ಹಾಕಿ, ಕೋಚ್‌ಗಳಿಗೆ ಕೊಡುವ ಆರಂಭಿಕ ಹಂತದ ಡಿ ಲೈಸೆನ್ಸ್ ಮಾಡಿಕೊಂಡೆ. ಹುಡುಗರೂ ದುಡಿಯುವವರೇ. ಇಬ್ಬರು ಅಮರಗೋಳದ ಎಪಿಎಂಸಿಯಲ್ಲಿ, ಒಬ್ಬ ಗ್ಯಾರೇಜಿನಲ್ಲಿ, ಒಬ್ಬ ಬೈಕಿನ ಮೇಲೆ ಊಟ ತಲುಪಿಸುವವನು. ಮೂವರು ಕಾಲೇಜಿನವರು ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ಬರುತ್ತಾರೆ.

ಇವತ್ತು ಪಂದ್ಯ ಮುಗಿದ ಮೇಲೆ ಸಮಿತಿಯವರು ನನ್ನನ್ನು ಪಕ್ಕಕ್ಕೆ ಕರೆದು, ಹಳಬರಲ್ಲಿ ಐವರನ್ನು ಕೈಬಿಟ್ಟು ಹೊರಗಿನಿಂದ ನಾಲ್ವರನ್ನು ಹಣ ಕೊಟ್ಟು ತರೋಣ ಎಂದರು. ಗುರುವಾರದೊಳಗೆ ಉತ್ತರ ಹೇಳಬೇಕಾಗಿದೆ. ಹುಡುಗರಿಗೆ ಆಟ ಬರುವುದಿಲ್ಲ ಎಂದು ನನಗೆ ಅನಿಸಿಲ್ಲ. ಹಾಗಾದರೆ ಕೊನೆಯಲ್ಲಿ ಏಕೆ ಕುಸಿಯುತ್ತಾರೆ? ತಿಳಿದವರು ಹೇಳಿ.

ರೈಲ್ವೆ ಕಾಲೊನಿಯ ಅಜ್ಜ

ತಮ್ಮಾ, ಇವತ್ತಿನ ಪಂದ್ಯಕ್ಕೆ ನಾನೂ ಬಂದಿದ್ದೆ. ಬೇವಿನ ಗಿಡದ ಕೆಳಗೆ ಕುಳಿತಿದ್ದೆ. ಕೊನೆಗೊನೆಗೆ ನಿನ್ನ ಹುಡುಗರು ಓಡಲೇ ಇಲ್ಲ, ನಡೆದರು. ವರ್ಕ್‌ಶಾಪ್‌ನಲ್ಲಿ ದಿನವಿಡೀ ಕಬ್ಬಿಣ ಎತ್ತಿ ಸಂಜೆ ನಾವು ಆಡುತ್ತಿದ್ದೆವು, ದಣಿವು ಎನ್ನುತ್ತಿರಲಿಲ್ಲ. ಶುಕ್ರವಾರ, ಶನಿವಾರ ಎರಡೂ ದಿನ ನೃಪತುಂಗ ಬೆಟ್ಟಕ್ಕೆ ಕರೆದುಕೊಂಡು ಹೋಗಿ ಐದೈದು ಬಾರಿ ಹತ್ತಿಸು. ತ್ರಾಣ ತಾನಾಗಿ ಬರುತ್ತದೆ.

ಗದಗಿನ ದೈಹಿಕ ಶಿಕ್ಷಕ

ಅಜ್ಜನವರೇ, ನಿಮ್ಮ ಕಳಕಳಿಗೆ ನಮಸ್ಕಾರ. ಆದರೆ ಭಾನುವಾರ ಪಂದ್ಯ ಇಟ್ಟುಕೊಂಡು ಶನಿವಾರ ಬೆಟ್ಟ ಹತ್ತಿಸಿದರೆ ಹುಡುಗರ ತೊಡೆಯಲ್ಲಿ ಇರುವ ಶಕ್ತಿಯೂ ಅಲ್ಲೇ ಖರ್ಚಾಗುತ್ತದೆ. ತ್ರಾಣ ಎರಡು ದಿನಕ್ಕೆ ಬೆಳೆಯುವುದಿಲ್ಲ, ವಾರಗಳು ಬೇಕು.

ಕೋಚ್ ಅವರೇ, ನಾನು ನಿಮ್ಮನ್ನು ಮೂರೇ ಪ್ರಶ್ನೆ ಕೇಳುತ್ತೇನೆ. ಈ ಸಲದ ಒಟ್ಟು ಗೋಲುಗಳಲ್ಲಿ ಕೊನೆಯ 20 ನಿಮಿಷದಲ್ಲಿ ಬಿದ್ದವು ಎಷ್ಟು? ಆಟ ನಡೆಯುತ್ತಿದ್ದಾಗ ಬಿದ್ದವು ಎಷ್ಟು, ಕಾರ್ನರ್, ಫ್ರೀ ಕಿಕ್, ಥ್ರೋ ಇನ್‌ನಿಂದ ಬಿದ್ದವು ಎಷ್ಟು? ಇವತ್ತು ನಿಮ್ಮ ಹುಡುಗರು ಮೈದಾನಕ್ಕೆ ಇಳಿಯುವ ಮುನ್ನ ಕೊನೆಯದಾಗಿ ಏನು ತಿಂದಿದ್ದರು, ಎಷ್ಟು ಗಂಟೆಗೆ? ದಯವಿಟ್ಟು ನೆನಪಿನಿಂದ ಉತ್ತರಿಸಬೇಡಿ. ಸೋತ ರಾತ್ರಿಯ ನೆನಪು ಸುಳ್ಳು ಹೇಳುತ್ತದೆ. ಸ್ಕೋರು ಪುಸ್ತಕ ತೆಗೆದು ಎಣಿಸಿ, ಹುಡುಗರನ್ನು ಒಬ್ಬೊಬ್ಬರನ್ನಾಗಿ ಕೇಳಿ.

ಕೇಶ್ವಾಪುರದ ಕೋಚ್ · ಸೋಮವಾರ ರಾತ್ರಿ

ಸರ್, ಎಣಿಸಿದೆ. ಒಟ್ಟು 21 ಗೋಲು. ಅದರಲ್ಲಿ 12 ಕೊನೆಯ 20 ನಿಮಿಷದಲ್ಲಿ. ಎಂಟು ಗೋಲು ನಿಂತ ಚೆಂಡಿನಿಂದ, ಅದರಲ್ಲೂ ಐದು ಕಾರ್ನರ್‌ನಿಂದ. ಪೂರ್ವಾರ್ಧದಲ್ಲಿ ನಮ್ಮ ಮೇಲೆ ಬಿದ್ದದ್ದು ಐದೇ. ಮೊದಲ ಅರ್ಧ ಮಾತ್ರ ಲೆಕ್ಕಕ್ಕೆ ಹಿಡಿದರೆ ನಾವು ಕೋಷ್ಟಕದ ನಡುವೆ ಇರಬೇಕಿತ್ತು. ಒಂಬತ್ತು ವಾರ ಈ ಪುಸ್ತಕ ನನ್ನ ಚೀಲದಲ್ಲೇ ಇತ್ತು, ಒಮ್ಮೆಯೂ ಹೀಗೆ ನೋಡಿರಲಿಲ್ಲ.

ಮೂರನೇ ಪ್ರಶ್ನೆಗೆ ಉತ್ತರ ಬರೆಯುವಾಗ ಕೈ ತಡೆಯುತ್ತಿದೆ. ನಮ್ಮ ಸ್ಟಾಪರ್ (ಗೋಲಿನ ಎದುರು ನಡುವೆ ನಿಲ್ಲುವ ಡಿಫೆಂಡರ್) ನಿನ್ನೆ ಎಪಿಎಂಸಿಯಿಂದ ನೇರವಾಗಿ ಬಂದ. ಅವನ ಅಂಗಿಯ ಬೆನ್ನಿಗೆ ಈರುಳ್ಳಿ ಸಿಪ್ಪೆ ಅಂಟಿಕೊಂಡಿತ್ತು, ಜೆರ್ಸಿ ಕೊಡುವಾಗ ನಾನೇ ಕೊಡವಿದೆ. ಆಗ ಏನೂ ಕೇಳಲಿಲ್ಲ. ಇವತ್ತು ಫೋನ್ ಮಾಡಿ ಕೇಳಿದೆ. ಬೆಳಗ್ಗೆ ಹನ್ನೊಂದಕ್ಕೆ ಎರಡು ಮಿರ್ಚಿ, ಒಂದು ಚಹಾ, ಅಷ್ಟೇ. ಪಂದ್ಯ ಶುರುವಾದದ್ದು ನಾಲ್ಕಕ್ಕೆ. ಹನ್ನೊಂದು ಜನರಲ್ಲಿ ಏಳು ಜನ ಮಧ್ಯಾಹ್ನದ ಊಟ ಮಾಡಿರಲಿಲ್ಲ. ಇಬ್ಬರು ಪಂದ್ಯಕ್ಕೆ ಅರ್ಧ ಗಂಟೆ ಮುಂಚೆ ಗಿರ್ಮಿಟ್ ತಿಂದಿದ್ದರು. ವಿರಾಮದಲ್ಲಿ ನೀರು ಕುಡಿದದ್ದು ಒಂದೇ ಕೊಡದಿಂದ, ಒಂದೇ ಲೋಟದಲ್ಲಿ, ಸರದಿಯ ಮೇಲೆ. ಕೊನೆಯವರಿಗೆ ಸರದಿ ಬರುವಷ್ಟರಲ್ಲಿ ರೆಫರಿ ಸೀಟಿ ಊದಿದ್ದರು.

ಈ ಹುಡುಗರಿಗೆ ನಾನು ಕಳೆದ ವಾರ ‘ಛಲ ಇಲ್ಲ’ ಎಂದು ಬೈದಿದ್ದೆ.

ರೈಲ್ವೆ ಕಾಲೊನಿಯ ಅಜ್ಜ

ಹಸಿದ ಹೊಟ್ಟೆ ಎಂದು ನನಗೆ ಗೊತ್ತಿರಲಿಲ್ಲ ತಮ್ಮಾ. ನಾವು ಆಡುವಾಗ ನಮ್ಮವ್ವ ಮಧ್ಯಾಹ್ನದ ಬುತ್ತಿಯನ್ನು ವರ್ಕ್‌ಶಾಪ್ ಗೇಟಿಗೆ ಕಳಿಸುತ್ತಿದ್ದಳು. ಅದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಎಡಗಡೆ ಡಿಫೆಂಡರನ ತಾಯಿ

ನಾನು ಇಲ್ಲಿ ಓದುತ್ತೇನೆ ಅಷ್ಟೇ, ಬರೆಯುವುದಿಲ್ಲ. ಇವತ್ತು ಬರೆಯುತ್ತಿದ್ದೇನೆ. ನನ್ನ ಮಗನಿಗೆ ಭಾನುವಾರ ಡಬ್ಬಿ ಕಟ್ಟಿಯೇ ಕೊಡುತ್ತೇನೆ. ಅವನು ಹಾಗೆಯೇ ವಾಪಸು ತರುತ್ತಾನೆ. ತಿಂದು ಓಡಿದರೆ ವಾಂತಿಯಾಗುತ್ತದೆ ಎಂದು ಯಾರೋ ಅವನ ತಲೆಗೆ ತುಂಬಿದ್ದಾರೆ. ಯಾವಾಗ ತಿನ್ನಬೇಕು, ಏನು ತಿನ್ನಬೇಕು ಎಂದು ಕೋಚ್ ಸರ್ ಹೇಳಿದರೆ ಕೇಳುತ್ತಾನೆ, ನಾನು ಹೇಳಿದರೆ ಕೇಳುವುದಿಲ್ಲ. ಸರಿಯಾಗಿ ಹೇಳಿ, ಅದರಂತೆ ಮಾಡಿಕೊಡುತ್ತೇನೆ. ನನ್ನ ಮಗನೊಬ್ಬನಿಗೇ ಅಲ್ಲ, ಆ ಎಪಿಎಂಸಿ ಹುಡುಗರಿಗೂ.

ಗದಗಿನ ದೈಹಿಕ ಶಿಕ್ಷಕ

ಅಕ್ಕನವರೇ, ನೀವು ಬರೆದದ್ದು ಒಳ್ಳೆಯದಾಯಿತು. ನಿಮ್ಮ ಮಗ ಹೇಳುವುದರಲ್ಲಿ ಅರ್ಧ ನಿಜವಿದೆ. ಹೊಟ್ಟೆ ತುಂಬ ತಿಂದು ತಕ್ಷಣ ಓಡಿದರೆ ಹೊಟ್ಟೆ ತೊಳಸುತ್ತದೆ. ಅದಕ್ಕೆ ಪರಿಹಾರ ಉಪವಾಸವಲ್ಲ, ವೇಳೆ. ಪಂದ್ಯ ನಾಲ್ಕಕ್ಕಿದ್ದರೆ ಮಧ್ಯಾಹ್ನ ಒಂದು ಗಂಟೆ ಹೊಡೆಯುವ ಮೊದಲೇ ಊಟ ಮುಗಿದಿರಬೇಕು. ಅನ್ನ, ತೆಳ್ಳಗಿನ ಸಾರು, ಸ್ವಲ್ಪ ಮೊಸರು. ಇಲ್ಲವೇ ಎರಡು ಚಪಾತಿ, ಎಣ್ಣೆ ಕಡಿಮೆ ಇರುವ ಪಲ್ಯ. ನಮ್ಮ ಜೋಳದ ರೊಟ್ಟಿ, ಕಾಳುಪಲ್ಯ, ಹಸಿ ಸೊಪ್ಪು ಎಲ್ಲ ಬಹಳ ಒಳ್ಳೆಯ ಆಹಾರ. ಆದರೆ ನಾರಿನಂಶ ಹೆಚ್ಚಿರುವುದರಿಂದ ಅರಗಲು ಹೊತ್ತು ಹಿಡಿಯುತ್ತದೆ, ಪಂದ್ಯದ ಹಿಂದಿನ ರಾತ್ರಿಗೆ ಇರಲಿ. ಮಿರ್ಚಿ, ಭಜಿ ಪಂದ್ಯ ಮುಗಿದ ಮೇಲೆ. ಮೂರು ಗಂಟೆಗೆ ಒಂದು ಬಾಳೆಹಣ್ಣು. ವಿರಾಮದಲ್ಲಿ ಇನ್ನರ್ಧ, ಜೊತೆಗೆ ಸಕ್ಕರೆ ಮತ್ತು ಚಿಟಿಕೆ ಉಪ್ಪು ಹಾಕಿದ ನಿಂಬೆ ನೀರು. ಶೇಂಗಾ ಉಂಡೆಯಲ್ಲಿ ಜಿಡ್ಡು ಹೆಚ್ಚು, ಅದನ್ನು ಆಟದ ನಂತರ ಕೊಡಿ. ಮತ್ತೆ ಒಬ್ಬೊಬ್ಬನಿಗೆ ಒಂದೊಂದು ಬಾಟಲಿ, ಹಳೆಯದಾದರೂ ಸರಿ, ತೊಳೆದು ಹೆಸರು ಬರೆದು ಇಡಿ.

ಇನ್ನು ತರಬೇತಿ. ನಿಮಗೆ ವಾರದಲ್ಲಿ ಎಷ್ಟು ಹೊತ್ತು ಸಿಗುತ್ತದೆಯೋ ಅಷ್ಟರಲ್ಲೇ ತಂಡ ಕಟ್ಟಬೇಕು. ಸಿಗದ ಹೊತ್ತಿನ ಯೋಜನೆ ಹಾಕಿ ಪ್ರಯೋಜನವಿಲ್ಲ. ಎರಡು ಸಂಜೆ, ಒಂದೊಂದು ಗಂಟೆ ಎಂದಿಟ್ಟುಕೊಳ್ಳಿ. ಮೊದಲ 20 ನಿಮಿಷ ‘ಫಿಫಾ 11 ಪ್ಲಸ್’ ಮಾಡಿಸಿ. ಹದಿನೈದು ವ್ಯಾಯಾಮಗಳಿವೆ, ಮೂರು ಭಾಗ: ನಿಧಾನದ ಓಟ, ಶಕ್ತಿ ಮತ್ತು ಸಮತೋಲನ, ಕೊನೆಗೆ ವೇಗದ ಓಟ. ಹಣ ಖರ್ಚಿಲ್ಲ, ಸಲಕರಣೆಯೂ ಬೇಡ. ಅದರಲ್ಲಿ ಮೊಣಕಾಲೂರಿ ಕುಳಿತವನ ಪಾದಗಳನ್ನು ಜೊತೆಗಾರ ಒತ್ತಿ ಹಿಡಿಯುತ್ತಾನೆ, ಕುಳಿತವನು ಸೊಂಟ ಬಾಗಿಸದೆ ನಿಧಾನವಾಗಿ ಮುಂದಕ್ಕೆ ವಾಲುತ್ತಾನೆ. ತೊಡೆಯ ಹಿಂಭಾಗದ ಸ್ನಾಯುವಿಗೆ ಇದರಷ್ಟು ಒಳ್ಳೆಯದನ್ನು ನಾನು ಕಂಡಿಲ್ಲ. ಮೊದಲ ವಾರ ಮೂರು ಸಲ ಸಾಕು. ಹೆಚ್ಚು ಮಾಡಿಸಿದರೆ ಮರುದಿನ ಮೆಟ್ಟಿಲು ಇಳಿಯಲಾರರು, ಕೆಲಸಕ್ಕೆ ಹೋಗುವ ಹುಡುಗರು ನೆನಪಿರಲಿ.

ಆಮೇಲೆ ನಾಲ್ವರ ಮೇಲೆ ನಾಲ್ವರು, ಚಿಕ್ಕ ಅಂಗಣದಲ್ಲಿ, ನಾಲ್ಕು ನಿಮಿಷ ಆಟ, ಎರಡು ನಿಮಿಷ ವಿಶ್ರಾಂತಿ. ಬೆಟ್ಟ ಹತ್ತಿಸಿದಷ್ಟೇ ಏದುಸಿರು ಬರುತ್ತದೆ, ಜೊತೆಗೆ ಕಾಲಿಗೆ ಚೆಂಡೂ ಸಿಗುತ್ತದೆ. ಉಳಿದ ಹೊತ್ತು ಪೂರ್ತಿ ಕಾರ್ನರ್.

ಹಳೆಯ ರೆಫರಿ, ಧಾರವಾಡ

ನಿಮ್ಮ ತಂಡದ ಎರಡು ಪಂದ್ಯಗಳನ್ನು ನೋಡಿದ್ದೇನೆ. ನಿಯಮದ ಕಡೆಯಿಂದ ಒಂದೆರಡು ಮಾತು.

ಒಂದು, ನೀವು ಬದಲಿ ಆಟಗಾರರನ್ನು ಬಳಸುವುದೇ ಇಲ್ಲ. ನಿಮ್ಮ ಲೀಗ್ ಐದು ಬದಲಾವಣೆಗೆ ಅವಕಾಶ ಕೊಟ್ಟಿದ್ದರೂ ನಾನು ನೋಡಿದ ದಿನ ನೀವು ಮಾಡಿದ್ದು ಒಂದೇ, ಅದೂ 66ನೇ ನಿಮಿಷಕ್ಕೆ. ದಣಿದವನನ್ನು ಗೋಲು ಬಿದ್ದ ಮೇಲೆ ಹೊರಗೆ ಕರೆದು ಏನು ಉಪಯೋಗ? ಐವತ್ತನೇ ನಿಮಿಷಕ್ಕೇ ಇಬ್ಬರನ್ನು ಬದಲಿಸಿ. ಬೆಂಚಿನಲ್ಲಿರುವವನು ಸ್ವಲ್ಪ ಕಡಿಮೆ ಆಟಗಾರನೇ ಇರಬಹುದು. ಆದರೆ ಓಡಬಲ್ಲ ಸಾಧಾರಣ ಆಟಗಾರ, ಓಡಲಾರದ ಉತ್ತಮ ಆಟಗಾರನಿಗಿಂತ ಆ ಹೊತ್ತಿನಲ್ಲಿ ಮೇಲು.

ಇನ್ನೊಂದು, ಥ್ರೋ ಇನ್‌ನಿಂದ ನೇರವಾಗಿ ಚೆಂಡು ಪಡೆದವನಿಗೆ ಆಫ್‌ಸೈಡ್ (ಚೆಂಡು ಬರುವ ಮೊದಲೇ ಎದುರಾಳಿ ಡಿಫೆಂಡರುಗಳ ಹಿಂದೆ ನಿಂತಿರುವ ತಪ್ಪು) ಇಲ್ಲ. ಗೋಲ್ ಕಿಕ್, ಕಾರ್ನರ್‌ಗೂ ಇಲ್ಲ. ನಿಮ್ಮ ಗ್ಯಾರೇಜಿನ ಹುಡುಗನ ತೋಳಿನಲ್ಲಿ ಬಲವಿದೆ, ಅವನು ಎಸೆದರೆ ಚೆಂಡು ಗೋಲಿನ ಮುಂದಕ್ಕೇ ಬೀಳುತ್ತದೆ. ಆದರೂ ನಿಮ್ಮ ಫಾರ್ವರ್ಡ್ ಆಫ್‌ಸೈಡ್ ಭಯದಿಂದ ಹಿಂದಕ್ಕೆ ಬಂದು ನಿಲ್ಲುತ್ತಾನೆ. ಅವನಿಗೆ ಯಾರೂ ಹೇಳಿಲ್ಲ ಎಂದು ಕಾಣುತ್ತದೆ. 2019ರಿಂದ ಗೋಲ್ ಕಿಕ್‌ನ ಚೆಂಡು ಪೆನಾಲ್ಟಿ ಆವರಣದಿಂದ ಹೊರಗೆ ಹೋಗಬೇಕೆಂದೂ ಇಲ್ಲ, ಒದ್ದು ಚೆಂಡು ಸರಿದ ಕೂಡಲೇ ಆಟ ಶುರು. ಪಕ್ಕದಲ್ಲಿ ನಿಂತ ಡಿಫೆಂಡರನಿಗೆ ಕೊಡಬಹುದು.

ಹಳೆಯ ಗೋಲ್‌ಕೀಪರ್

ರೆಫರಿ ಸರ್ ಹೇಳಿದ್ದು ನಿಯಮದಂತೆ ಸರಿ. ಆದರೆ ಈ ಮಳೆಗಾಲದಲ್ಲಿ ಆ ಮೈದಾನದಲ್ಲಿ ದಯವಿಟ್ಟು ಚಿಕ್ಕ ಗೋಲ್ ಕಿಕ್ ಆಡಬೇಡಿ. ಅದು ಎರೆ ಮಣ್ಣು. ಹತ್ತು ಹೆಜ್ಜೆ ಓಡಿದರೆ ಬೂಟಿನ ತಳಕ್ಕೆ ರೊಟ್ಟಿಯಂತೆ ಹತ್ತಿಕೊಳ್ಳುತ್ತದೆ, ಸ್ಟಡ್ ಮಣ್ಣಿನೊಳಗೆ ಮುಚ್ಚಿಹೋಗಿ ಕಾಲು ಜಾರುತ್ತದೆ. ಗೋಲಿನ ಮುಂದಿನ ತಗ್ಗಿನಲ್ಲಿ ಚೆಂಡು ಉರುಳುವುದಿಲ್ಲ, ನಿಂತುಬಿಡುತ್ತದೆ. ಅಲ್ಲಿ ನಾನು ಹನ್ನೊಂದು ವರ್ಷ ನಿಂತಿದ್ದೇನೆ. ವಿರಾಮದಲ್ಲಿ ಒಬ್ಬ ಹುಡುಗ ಕಡ್ಡಿ ಹಿಡಿದು ಎಲ್ಲರ ಬೂಟಿನ ಮಣ್ಣು ಕೆರೆಯಲಿ. ಇದು ಸಣ್ಣ ಮಾತಲ್ಲ, ಉತ್ತರಾರ್ಧದಲ್ಲಿ ಕಾಲು ಭಾರವಾಗುವುದರಲ್ಲಿ ಅರ್ಧ ಪಾಲು ಆ ಮಣ್ಣಿನದೇ.

ಕಾರ್ನರ್ ಬಗ್ಗೆ. ನಿಮ್ಮ ಕೀಪರ್ ಚಿಕ್ಕ ಹುಡುಗ, ಅವನ ಎದುರು ಎಲ್ಲರೂ ಗುಂಪುಗೂಡುತ್ತಾರೆ, ನಿಮ್ಮವರೂ ಸೇರಿ. ಗೋಲು 7.32 ಮೀಟರ್ ಅಗಲ. ಅವನಿಗೆ ಚೆಂಡೇ ಕಾಣದಿದ್ದರೆ ಒಂದು ಮೀಟರನ್ನೂ ಕಾಯಲಾರ. ಹತ್ತಿರದ ಕಂಬಕ್ಕೆ ಒಬ್ಬ, ಆರು ಗಜದ ಗೆರೆಯ ಮೇಲೆ ಮೂವರು, ಎದುರಾಳಿಯ ಎತ್ತರದ ಇಬ್ಬರಿಗೆ ಇಬ್ಬರು. ಉಳಿದವರು ಆಚೆ ಇರಲಿ, ಕೀಪರ್ ಮುಂದೆ ಯಾರೂ ಬೇಡ. ಅವನಿಗೆ ಎರಡೇ ಕೂಗು ಕಲಿಸಿ: ‘ನನ್ನದು’ ಮತ್ತು ‘ಹೊರಗೆ’. ‘ನನ್ನದು’ ಎಂದರೆ ಎಲ್ಲರೂ ದಾರಿ ಬಿಡಬೇಕು, ಹಿರಿಯ ಸ್ಟಾಪರ್ ಕೂಡ. ಕೂಗಿದ ಮೇಲೆ ತಪ್ಪಿದರೂ ಅವನನ್ನು ಯಾರೂ ಬೈಯಬಾರದು. ಒಮ್ಮೆ ಬೈದರೆ ಮುಂದಿನ ಸಲ ಅವನು ಕೂಗುವುದೇ ಇಲ್ಲ, ಗೆರೆಯ ಮೇಲೆ ಅಂಟಿಕೊಂಡು ನಿಲ್ಲುತ್ತಾನೆ. ನಾನು ಹಾಗೆ ನಿಂತ ವರ್ಷಗಳು ಎರಡಿವೆ.

ಬಲಗಡೆ ಆಡುವವನು

ಕೋಚ್ ಸರ್, ನಾನು ನಿಮ್ಮ ತಂಡದವನೇ, ಬರೆಯುವ ಶೈಲಿಯಿಂದ ನಿಮಗೆ ಗೊತ್ತಾಗಬಹುದು. ಒಂದು ಮಾತು ಎದುರಿಗೆ ಹೇಳಲು ಆಗಿರಲಿಲ್ಲ. ಆಟ ನಡೆಯುವಾಗ ನೀವು ‘ಮೇಲೆ ಹೋಗು’ ಎನ್ನುತ್ತೀರಿ. ಅದೇ ಹೊತ್ತಿಗೆ ಸಮಿತಿಯ ಕಾಕಾ ಒಬ್ಬರು ಗೆರೆಯ ಪಕ್ಕದಲ್ಲಿ ನಿಂತು ‘ಕೆಳಗೆ ಬಾ’ ಎನ್ನುತ್ತಾರೆ. ಯಾರ ಮಾತು ಕೇಳಲಿ ಎಂದು ಯೋಚಿಸುವಷ್ಟರಲ್ಲಿ ಚೆಂಡು ಹೋಗಿರುತ್ತದೆ. ಇಬ್ಬರೂ ನಮ್ಮ ಹಿರಿಯರು, ಯಾರಿಗೂ ಎದುರಾಡಲು ಆಗುವುದಿಲ್ಲ. ದಯವಿಟ್ಟು ಒಬ್ಬರೇ ಹೇಳಿ. ಮತ್ತೆ ಭಾನುವಾರ ಮಧ್ಯಾಹ್ನ ಆರ್ಡರ್ ಹೆಚ್ಚು, ಎರಡೂವರೆ ತನಕ ಬೈಕ್ ಬಿಡಲು ಆಗುವುದಿಲ್ಲ. ಊಟದ ಡಬ್ಬಿ ಬೆನ್ನಮೇಲೆ ಹೊತ್ತುಕೊಂಡು ಹಸಿದು ತಿರುಗುತ್ತೇನೆ. ಅವಧಿ ಬದಲಿಸಿಕೊಳ್ಳಲು ನೋಡುತ್ತಿದ್ದೇನೆ.

ಹಾವೇರಿಯಿಂದ

ಹೊರಗಿನಿಂದ ಆಟಗಾರರನ್ನು ತರುವ ವಿಷಯ ಯಾರೂ ಎತ್ತಲಿಲ್ಲ. ನಮ್ಮ ಕ್ಲಬ್ ಅದನ್ನು ಮಾಡಿತ್ತು. ಮೂವರನ್ನು ತಂದರು. ಕೊನೆಯ ನಾಲ್ಕು ಪಂದ್ಯಗಳಲ್ಲಿ ಎರಡು ಗೆದ್ದೆವು, ಉಳಿದುಕೊಂಡೆವು, ಮೆರವಣಿಗೆಯೂ ಆಯಿತು. ಮುಂದಿನ ವರ್ಷ ಅವರು ಬರಲಿಲ್ಲ, ಹಣ ಹೆಚ್ಚು ಕೊಡುವ ಕಡೆ ಹೋದರು. ನಾವು ಬೆಂಚಿನಲ್ಲಿ ಕೂರಿಸಿದ ನಮ್ಮ ಹುಡುಗರೂ ಬರಲಿಲ್ಲ. ಕರೆಯಲು ಅವರ ಮನೆಗಳಿಗೆ ನಾನೇ ಹೋಗಿದ್ದೆ. ಒಬ್ಬನ ತಂದೆ ಚಹಾ ಕೊಟ್ಟು, ‘ಈಗ ಅವನು ಸಂಜೆ ಅಂಗಡಿಗೆ ಹೋಗುತ್ತಾನೆ’ ಎಂದರು. ಮಾತು ಅಷ್ಟೇ. ಆ ಋತು ಒಂಬತ್ತು ಜನರೊಂದಿಗೆ ಎರಡು ಪಂದ್ಯ ಆಡಿದೆವು. ಈಗ ಕ್ಲಬ್ ಹೆಸರು ಮಾತ್ರ ಇದೆ.

ಹಳೆಯ ರೆಫರಿ, ಧಾರವಾಡ

ಹಾವೇರಿಯವರ ಮಾತು ಸಮಿತಿಗೆ ಮುಟ್ಟಬೇಕು. ಇಂಗ್ಲೆಂಡಿನ ಲೆಸ್ಟರ್ ಸಿಟಿ 2014–15ರಲ್ಲಿ 29 ಪಂದ್ಯಗಳ ನಂತರ 19 ಅಂಕಗಳೊಂದಿಗೆ ತಳದಲ್ಲಿತ್ತು. ಕೊನೆಯ ಒಂಬತ್ತರಲ್ಲಿ ಏಳು ಗೆದ್ದು, ಒಂದು ಡ್ರಾ ಮಾಡಿ, 41 ಅಂಕಗಳೊಂದಿಗೆ ಹದಿನಾಲ್ಕನೇ ಸ್ಥಾನಕ್ಕೆ ಬಂತು. ಮರುವರ್ಷ ಪ್ರೀಮಿಯರ್ ಲೀಗ್ ಪ್ರಶಸ್ತಿಯನ್ನೇ ಗೆದ್ದಿತು. ಅವರದು ಕೋಟಿಗಳ ಆಟ, ಅದಕ್ಕೂ ನಿಮಗೂ ಹೋಲಿಕೆ ಮಾಡುತ್ತಿಲ್ಲ. ಆದರೆ ಅಂಕದ ಲೆಕ್ಕ ಎಲ್ಲೆಡೆ ಒಂದೇ: ಒಂದು ಗೆಲುವು ಮೂರು ಡ್ರಾಗೆ ಸಮ. ಐದು ಪಂದ್ಯದಲ್ಲಿ ಎರಡು ಗೆದ್ದರೆ ಸಾಕಾಗಬಹುದು. ಆ ಎರಡು ಯಾವುವು ಎಂದು ಈಗಲೇ ಗುರುತಿಸಿಕೊಳ್ಳಿ. ಮೇಲಿನ ತಂಡದ ಎದುರು ಸೋತರೆ ಕುಗ್ಗಬೇಡಿ.

ಕೇಶ್ವಾಪುರದ ಕೋಚ್ · ಗುರುವಾರ ರಾತ್ರಿ

ಸಮಿತಿಯ ಮುಂದೆ ಸ್ಕೋರು ಪುಸ್ತಕ ಇಟ್ಟೆ. 21ರಲ್ಲಿ 12 ಎಂಬುದನ್ನು ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದೆ. ಹೊರಗಿನವರನ್ನು ತರುವ ಹಣದಲ್ಲಿ ಒಂದು ಪಾಲಾದರೂ ಐದು ಭಾನುವಾರ ಹದಿನಾರು ಜನರ ಊಟಕ್ಕೆ ಕೊಡಿ, ಧಾರವಾಡದ ಹುಡುಗರಿಗೆ ಬಸ್ ಪಾಸ್ ಮಾಡಿಸಿ ಎಂದು ಕೇಳಿದೆ. ಹಾವೇರಿಯವರು ಬರೆದದ್ದನ್ನು ಓದಿ ಹೇಳಿದೆ. ಒಬ್ಬರು ಎದ್ದು ಹೋದರು. ಉಳಿದವರು ಎರಡು ಪಂದ್ಯದ ಮಟ್ಟಿಗೆ ಒಪ್ಪಿದ್ದಾರೆ. ಗೆರೆಯ ಪಕ್ಕದ ಕೂಗಿನ ವಿಷಯವನ್ನೂ ಹೇಳಿದೆ, ಹೇಳುವಾಗ ಬಾಯಿ ಒಣಗಿತ್ತು. ಆ ಕಾಕಾ ಬಹಳ ಹೊತ್ತು ಸುಮ್ಮನಿದ್ದು, ‘ಹಾಗಾದರೆ ನಾನು ಆಚೆ ಬದಿಗೆ ಕುಳಿತುಕೊಳ್ಳುತ್ತೇನೆ’ ಎಂದರು.

ಮಂಗಳವಾರ ಮತ್ತು ಇವತ್ತು ತರಬೇತಿ ಆಯಿತು. ಇವತ್ತು ಕತ್ತಲಾದರೂ ಬೈಕುಗಳ ಹೆಡ್‌ಲೈಟ್ ಹಾಕಿ ನಲವತ್ತು ಕಾರ್ನರ್ ಒದೆಸಿದೆ. ಮೊದಲ ಹತ್ತರಲ್ಲಿ ಕೀಪರ್ ಬಾಯಿಯೇ ಬಿಡಲಿಲ್ಲ. ಹದಿನೇಳನೆಯದಕ್ಕೆ ‘ನನ್ನದು’ ಎಂದ, ಅವನಿಗೇ ಕೇಳಿಸುವಷ್ಟು ಮೆಲ್ಲಗೆ. ಸ್ಟಾಪರ್ ಪಕ್ಕಕ್ಕೆ ಸರಿದ. ಆಮೇಲೆ ದನಿ ಬಂತು. ಹುಡುಗರಿಗೆ ಕ್ಷಮೆಯನ್ನೂ ಕೇಳಿದೆ, ‘ಛಲ ಇಲ್ಲ’ ಎಂದದ್ದಕ್ಕೆ.

ಎಡಗಡೆ ಡಿಫೆಂಡರನ ತಾಯಿ

ಭಾನುವಾರ ಹನ್ನೆರಡೂವರೆಗೆ ಅನ್ನ, ಸಾರು, ಮೊಸರು ತಯಾರಿರುತ್ತದೆ. ನಮ್ಮ ಓಣಿಯ ಇನ್ನಿಬ್ಬರು ಕೈಜೋಡಿಸುತ್ತಾರೆ. ಸಮಿತಿಯವರು ಅಕ್ಕಿ ಕಳಿಸಲಿ, ಉಳಿದದ್ದು ನಮ್ಮದು. ಎಪಿಎಂಸಿಗೆ ಯಾರಾದರೂ ಡಬ್ಬಿ ಒಯ್ಯಬೇಕು.

ರೈಲ್ವೆ ಕಾಲೊನಿಯ ಅಜ್ಜ

ಡಬ್ಬಿ ನಾನು ಒಯ್ಯುತ್ತೇನೆ ತಂಗಿ. ಮೊಮ್ಮಗನ ಸ್ಕೂಟರ್ ಇದೆ.

ಕೇಶ್ವಾಪುರದ ಕೋಚ್ · ಭಾನುವಾರ ರಾತ್ರಿ

1–1. ಗೆಲ್ಲಲಿಲ್ಲ. ಆದರೆ ಎದುರಿಗಿದ್ದದ್ದು ಕೋಷ್ಟಕದ ಎರಡನೇ ತಂಡ.

ಮೊದಲು ಗೋಲು ಬಿಟ್ಟವರು ನಾವೇ, 22ನೇ ನಿಮಿಷದಲ್ಲಿ. ವಿರಾಮದಲ್ಲಿ ಯಾರ ಮೇಲೂ ಕೂಗಲಿಲ್ಲ. ಎಲ್ಲರೂ ಕುಳಿತು ಬಾಳೆಹಣ್ಣು ತಿಂದರು, ಬೂಟಿನ ಮಣ್ಣು ಕೆರೆದರು. 48ಕ್ಕೆ ಇಬ್ಬರನ್ನು ಬದಲಿಸಿದೆ. ಬಲಗಡೆ ಆಡುವವನು ಎರಡು ಗಂಟೆಗೇ ಬಂದಿದ್ದ, ಇವತ್ತಿನ ದುಡಿಮೆ ಬಿಟ್ಟು ಬಂದೆ ಎಂದು ಪಂದ್ಯ ಮುಗಿದ ಮೇಲಷ್ಟೇ ಹೇಳಿದ. 61ಕ್ಕೆ ಉದ್ದದ ಥ್ರೋ ಇನ್, ನಮ್ಮ ಫಾರ್ವರ್ಡ್ ಡಿಫೆಂಡರುಗಳ ಹಿಂದೆಯೇ ನಿಂತಿದ್ದ, ತಲೆಯಿಂದ ಒಳಗೆ ತಳ್ಳಿದ. ಎದುರಾಳಿಗಳು ಆಫ್‌ಸೈಡ್ ಎಂದು ಕೈ ಎತ್ತಿದರು. ರೆಫರಿ ನಡುಗೆರೆ ತೋರಿಸಿ ಗೋಲು ಕೊಟ್ಟರು.

ಕೊನೆಯ ನಾಲ್ಕು ನಿಮಿಷದಲ್ಲಿ ಮೂರು ಕಾರ್ನರ್ ಬಂದವು. ಎರಡನ್ನು ಸ್ಟಾಪರ್ ಹೊರಗೆ ಹಾಕಿದ. ಮೂರನೆಯದಕ್ಕೆ ಕೀಪರ್ ಕೂಗಿದ್ದು ಬೇವಿನ ಗಿಡದವರೆಗೂ ಕೇಳಿಸಿತಂತೆ, ಅಜ್ಜ ಹೇಳಿದರು. ಚೆಂಡನ್ನು ಎದೆಗೆ ಅವುಚಿಕೊಂಡು ಕೆಸರಿನಲ್ಲಿ ಹಾಗೇ ಮಲಗಿದ್ದ.

ಆರು ಅಂಕ. ಮೇಲಿನ ತಂಡ ಇವತ್ತು ಸೋತಿದೆ, ಎಂಟರಲ್ಲೇ ನಿಂತಿದೆ. ಮುಂದಿನ ವಾರ ನಮ್ಮ ಪಂದ್ಯ ಅವರ ಜೊತೆಯೇ. ಎಡಗಡೆ ಡಿಫೆಂಡರನ ಪಾದದ ಕೀಲು ಸ್ವಲ್ಪ ಉಳುಕಿದೆ. ಅಕ್ಕನವರೇ, ಊದಿದ ಜಾಗಕ್ಕೆ ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ, ಕಾಲು ಎತ್ತರದಲ್ಲಿಟ್ಟು ಮಲಗಲಿ, ತಿಕ್ಕಬೇಡಿ. ಹೆಜ್ಜೆ ಊರಲು ಆಗದಿದ್ದರೆ ನಾಳೆ ಬೆಳಗ್ಗೆಯೇ ಫೋನ್ ಮಾಡಿ, ಎಕ್ಸ್‌ರೇ ತೆಗೆಸಲು ನಾನೇ ಕರೆದುಕೊಂಡು ಹೋಗುತ್ತೇನೆ. ಉಳಿದವರಿಗೆ ಮಂಗಳವಾರ ಸಂಜೆ ಆರೂಕಾಲಕ್ಕೆ ತರಬೇತಿ. ಚೆಂಡಿನ ಪಂಪ್ ಯಾರ ಮನೆಯಲ್ಲಿದೆಯೋ ತನ್ನಿ.

ಹಳೆಯ ಗೋಲ್‌ಕೀಪರ್

ಮಂಗಳವಾರ ನಾನೂ ಬರುತ್ತೇನೆ. ಆ ಹುಡುಗನ ಕೈಗವಸು ಹೆಬ್ಬೆರಳಿನ ಹತ್ತಿರ ಹರಿದಿರುವುದನ್ನು ಇವತ್ತು ನೋಡಿದೆ. ನನ್ನ ಬಳಿ ಒಂದು ಜೊತೆ ಇದೆ.